ಅಡುಗೆಮನೆಯ ಉಡುಗೊರೆ: ಆಯ್ಕೆಯಲ್ಲಿ ವಿವೇಚನೆ

ಗೃಹಪ್ರವೇಶ, ವಿವಾಹ, ಸೀಮಂತ ಮೊದಲಾದ ಶುಭಸಂದರ್ಭಗಳಲ್ಲಿ ಪಾತ್ರೆಪಡಗಗಳನ್ನು ಉಡುಗೊರೆಯಾಗಿ ನೀಡುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೊಟ್ಟವರ ಹೆಸರನ್ನೂ ದಿನಾಂಕವನ್ನೂ ಪಾತ್ರೆಯ ಮೇಲೆ ಕೆತ್ತಿಸುವುದುಂಟು. ಒಂದು ತಲೆಮಾರಿನವರೆಗಾದರೂ ಅದು ಆ ಮನೆಯ ಬಳಕೆಯಲ್ಲಿ ಉಳಿಯುವುದೆಂಬ ಭರವಸೆ ಆ ಕೆತ್ತನೆಯ ಹಿಂದೆ ಇದೆ. ಆದರೆ ಇಂದು ಹೊಸದಾಗಿ ಸಂಸಾರ ಹೂಡಿದ ದಂಪತಿಗಳಿಗೆ ಮೂರು ಡಿನ್ನರ್ ಸೆಟ್, ನಾಲ್ಕು ಫ್ಲಾಸ್ಕ್ ಬಂದು ಸೇರುವುದು ಅಪರೂಪವೇನಲ್ಲ. ಮುಂಬಯಿ, ಚೆನ್ನೈಗಳಂತಹ ನಗರಗಳ ಚಿಕ್ಕ ಮನೆಗಳಲ್ಲಿ ಅವು ಪೆಟ್ಟಿಗೆಯಿಂದ ಹೊರಬರದೆಯೇ ಅಟ್ಟ ಸೇರುತ್ತವೆ. ಕೆಲಕಾಲದ ಅನಂತರ ಅದೇ ಪೆಟ್ಟಿಗೆಯಲ್ಲಿ ಮತ್ತೊಬ್ಬರ ಮದುವೆಗೆ ಪ್ರಯಾಣ ಬೆಳೆಸುವುದೂ ಉಂಟು.

ಇದು ಕೇವಲ ಸ್ಥಳಾಭಾವದ ಪ್ರಶ್ನೆಯಲ್ಲ. ಪ್ರತಿಯೊಂದು ಪಾತ್ರೆಯ ಹಿಂದೆ ಅದಿರು, ಇಂಧನ, ನೀರು ಇವುಗಳ ವೆಚ್ಚ ಅಡಗಿದೆ. ಒಂದು ಕಿಲೋಗ್ರಾಂ ಅಲ್ಯೂಮಿನಿಯಂ ಪಡೆಯಲು ವಿದ್ಯುದ್ವಿಭಜನೆಯ ಹಂತವೊಂದರಲ್ಲೇ ಸುಮಾರು 14 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಪಾತ್ರೆ ಇಪ್ಪತ್ತು ವರ್ಷ ದಿನನಿತ್ಯ ಬಳಕೆಯಾದರೆ ಆ ವೆಚ್ಚ ಸಾರ್ಥಕ. ಅಟ್ಟದಲ್ಲಿ ಕುಳಿತರೆ ಪೂರ್ತಿ ನಷ್ಟ. ಆದ್ದರಿಂದ 'ಪರಿಸರಸ್ನೇಹಿ' ಎಂಬ ಚೀಟಿ ಅಂಟಿಸಿರುವ ವಸ್ತುವೆಲ್ಲ ಒಳ್ಳೆಯ ಉಡುಗೊರೆ ಎಂದು ಭಾವಿಸಲಾಗದು. ಪಡೆಯುವವರ ಅಡುಗೆಮನೆಗೆ ಅದು ಹೊಂದುವುದೇ, ಕೆಟ್ಟರೆ ಆ ಊರಿನಲ್ಲಿ ದುರಸ್ತಿಯಾಗುವುದೇ ಎಂಬುದನ್ನು ಮೊದಲು ನೋಡಬೇಕು.

ಒಲೆ ಯಾವುದು?

ವಿಚಾರಿಸಿಕೊಳ್ಳಬೇಕಾದ ಮೊದಲ ಸಂಗತಿ ಒಲೆ. ಇಂಡಕ್ಷನ್ ಒಲೆ ಅಯಸ್ಕಾಂತ ಕ್ಷೇತ್ರದ ಮೂಲಕ ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ. ತಳ ಸಮತಟ್ಟಾಗಿದ್ದು ಅಯಸ್ಕಾಂತಕ್ಕೆ ಅಂಟುವ ಲೋಹದ್ದಾಗಿರಬೇಕು. ಹಿತ್ತಾಳೆ, ತಾಮ್ರ, ಕಲ್ಲು, ಸಾಧಾರಣ ಅಲ್ಯೂಮಿನಿಯಂ ಪಾತ್ರೆಗಳು ಅದರ ಮೇಲೆ ಕೆಲಸಕ್ಕೆ ಬಾರವು. ಸ್ಟೀಲ್ ಪಾತ್ರೆಗಳಲ್ಲಿಯೂ ಎಲ್ಲವೂ ಅಂಟುವುದಿಲ್ಲ. ಅಂಗಡಿಗೆ ಹೋಗುವಾಗ ಒಂದು ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಸಂದೇಹ ಅಲ್ಲಿಯೇ ಪರಿಹಾರವಾಗುತ್ತದೆ. ಸೌರ ಕುಕ್ಕರ್ ಉತ್ತಮ ಸಾಧನವೇ ಸರಿ. ಆದರೆ ನೇರ ಬಿಸಿಲು ಬೀಳುವ ತಾರಸಿಯಿಲ್ಲದ ಮನೆಗೆ ಅದನ್ನು ಕೊಡುವುದು ಕೊಡುವವರ ತೃಪ್ತಿಗಷ್ಟೆ.

ಇಂಧನ ಉಳಿಸುವ ಉಡುಗೊರೆಗಳಲ್ಲಿ ಪ್ರೆಷರ್ ಕುಕ್ಕರಿಗೆ ಇಂದಿಗೂ ಅಗ್ರಸ್ಥಾನ ಸಲ್ಲಬೇಕು. ತೆರೆದ ಪಾತ್ರೆಯಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ಕುಕ್ಕರಿನ ಒತ್ತಡದಲ್ಲಿ 120 ಡಿಗ್ರಿಯ ಆಸುಪಾಸಿಗೆ ಏರುವುದರಿಂದ ಬೇಳೆಕಾಳುಗಳು ಬಹಳ ಬೇಗ ಬೇಯುತ್ತವೆ. ಒಳಪಾತ್ರೆಗಳಿದ್ದರೆ ಅನ್ನ, ಬೇಳೆ, ತರಕಾರಿ ಒಂದೇ ಉರಿಯಲ್ಲಿ ಸಿದ್ಧ. ಇಬ್ಬರೇ ಇರುವ ಮನೆಗೆ ಮೂರು ಲೀಟರಿನದು ಸಾಕು. ಏಳು ಲೀಟರಿನದನ್ನು ಕೊಟ್ಟರೆ ನೋಡಲು ದೊಡ್ಡ ಉಡುಗೊರೆಯಾದೀತು, ಪ್ರತಿದಿನ ಅದರ ಭಾರವನ್ನು ಕಾಯಿಸುವ ಅನಿಲ ಮಾತ್ರ ವ್ಯರ್ಥವಾದೀತು. ಕೇಂದ್ರ ಸರ್ಕಾರದ 2020ರ ಗುಣಮಟ್ಟ ನಿಯಂತ್ರಣ ಆದೇಶದಂತೆ ಗೃಹಬಳಕೆಯ ಕುಕ್ಕರಿಗೆ ಐ.ಎಸ್.ಐ. ಗುರುತು ಇರುವುದು ಕಡ್ಡಾಯ. ಕೊಳ್ಳುವಾಗಲೇ ಅದೇ ತಯಾರಿಕೆಯ ಒಂದು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸುರಕ್ಷಾ ವಾಲ್ವ್ ಸೇರಿಸಿ ಕೊಡುವುದು ಲೇಸು. ಅಲ್ಪ ಬೆಲೆಯ ಈ ಬಿಡಿಭಾಗ ಸಿಗದೆ ಗಟ್ಟಿಮುಟ್ಟಾದ ಕುಕ್ಕರುಗಳು ಮೂಲೆಗೆ ಬೀಳುವುದುಂಟು.

ಕಾವಲಿ, ಹಿತ್ತಾಳೆ, ಕಲ್ಲು

ದೋಸೆಗೆ ಬೀಡು ಕಬ್ಬಿಣದ ಕಾವಲಿಗಿಂತ ದೀರ್ಘಾಯುಷಿ ಮತ್ತೊಂದಿಲ್ಲ. ಲೇಪವಿರುವ ನಾನ್‌ಸ್ಟಿಕ್ ಹೆಂಚು ಗೀರು ಬಿದ್ದೊಡನೆ ಎಸೆಯಲ್ಪಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಇಂತಹ ಪಾತ್ರೆಗಳನ್ನು ಬರಿದಾಗಿ ಉರಿಯ ಮೇಲೆ ಬಿಡಬಾರದೆಂದು ಎಚ್ಚರಿಸಿದೆ. ಕಬ್ಬಿಣದ ಕಾವಲಿಯನ್ನು ಎಣ್ಣೆ ಸವರಿ ಹಲವು ಬಾರಿ ಕಾಯಿಸಿ ಪಳಗಿಸಬೇಕು. ತೊಳೆದ ತಕ್ಷಣ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ಬೆಳಗ್ಗೆ ಏಳಕ್ಕೆ ಲೋಕಲ್ ರೈಲು ಹಿಡಿಯಬೇಕಾದ ಗೃಹಸ್ಥರಿಗೆ ಈ ಆರೈಕೆ ಕಷ್ಟವಾದೀತು. ಕೊಡುವವರೇ ಒಂದು ವಾರ ಪಳಗಿಸಿ, ಮೊದಲ ದೋಸೆ ಎದ್ದು ಬರುವಂತೆ ಮಾಡಿ ಕೊಟ್ಟಲ್ಲಿ ಆ ಕಾವಲಿ ನಿಶ್ಚಯವಾಗಿ ಬಳಕೆಗೆ ಬರುತ್ತದೆ. ಹೊಸ ವಸ್ತುವನ್ನೇ ಕೊಡಬೇಕೆಂಬ ಸಂಕೋಚವನ್ನು ಇಲ್ಲಿ ಬದಿಗಿಡಬಹುದು.

ಹಿತ್ತಾಳೆ ಪಾತ್ರೆಯ ವಿಷಯದಲ್ಲಿ ಹೆಚ್ಚು ಜಾಗರೂಕತೆ ಅವಶ್ಯ. ಕಲಾಯಿ ಇಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಹುಳಿ, ಸಾರು, ಮಜ್ಜಿಗೆ ಇಟ್ಟರೆ ಲೋಹ ಕರಗಿ ಕಿಲುಬು ಏರುತ್ತದೆ. ಅಂತಹ ಆಹಾರ ಆರೋಗ್ಯಕ್ಕೆ ಹಾನಿಕರ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರವನ್ನು ಒಳಮೈಗೆ ಸವರಿ ಅರಳೆಯಿಂದ ಉಜ್ಜುವುದೇ ಕಲಾಯಿ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಕಲಾಯಿ ಪಾತ್ರೆಯಲ್ಲಿ ಕಾಳು ಹುರಿಯುವುದಾಗಲಿ, ಅದನ್ನು ಬರಿದಾಗಿ ಒಲೆಯ ಮೇಲಿಡುವುದಾಗಲಿ ಕೂಡದು. ಬಳಕೆಯಿಂದ ಲೇಪ ಸವೆದಾಗ ಮತ್ತೆ ಹಾಕಿಸಬೇಕು. ಹಿಂದೆ ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಕಲಾಯಿಗಾರರು ಮಹಾನಗರಗಳಲ್ಲಿ ವಿರಳರಾಗಿದ್ದಾರೆ. ಪುಣೆಯ ಕಸಬಾ ಪೇಟೆಯಲ್ಲಿ ತಾಮ್ರಗಾರರ ತಾಂಬಟ್ ಆಳಿ ಇದೆ. ಅಂತಹ ಕೇರಿಗಳಲ್ಲಿ ವಿಚಾರಿಸಿದರೆ ಕಲಾಯಿ ಹಾಕುವವರ ಸುಳಿವು ದೊರೆಯುವ ಸಂಭವವುಂಟು. ಅದು ದೊರೆಯದ ಕಡೆ ಹಿತ್ತಾಳೆಗಿಂತ ದಪ್ಪ ತಳದ ಸ್ಟೀಲ್ ಪಾತ್ರೆಯೇ ಮೇಲು.

ಬಳಪದ ಕಲ್ಲಿನ ಮರಿಗೆಯನ್ನು ಚೆನ್ನೈ ಕನ್ನಡಿಗರು ಕಲ್‌ಚಟ್ಟಿ ಎಂಬ ತಮಿಳು ಹೆಸರಿನಿಂದಲೂ ಬಲ್ಲರು. ಇದರಲ್ಲಿ ಹುಳಿ ಪದಾರ್ಥ ಕೆಡದು. ಉರಿ ಆರಿಸಿದ ಮೇಲೂ ಬಹಳ ಹೊತ್ತು ಕುದಿಯುತ್ತಿರುತ್ತದೆಯಾದ್ದರಿಂದ ಅನಿಲವನ್ನು ತುಸು ಮುಂಚೆಯೇ ನಿಲ್ಲಿಸಬಹುದು. ಥಟ್ಟನೆ ದೊಡ್ಡ ಉರಿ ತಾಗಿದರೆ ಮಾತ್ರ ಬಿರುಕು ಬಿಡುತ್ತದೆ.

ಸುತ್ತುವ ಹಾಳೆ ಮತ್ತು ಹಳೆಯ ಪಾತ್ರೆ

ಸಿಹಿತಿಂಡಿಯ ಪೆಟ್ಟಿಗೆ, ಆಮಂತ್ರಣ ಪತ್ರಿಕೆಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಉಡುಗೊರೆಯ ಹೊಳೆಯುವ ಹೊದಿಕೆಯ ಬದಲು ಹತ್ತಿಯ ಟವಲನ್ನೋ ಬಟ್ಟೆಚೀಲವನ್ನೋ ಉಪಯೋಗಿಸಿದರೆ ಹೊದಿಕೆಯೂ ಅಡುಗೆಮನೆಯಲ್ಲೇ ಉಳಿಯುತ್ತದೆ.

ಹೊಸ ಪಾತ್ರೆಯನ್ನೇ ಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಊರಿನಿಂದ ಬಂದ ಅಜ್ಜಿಯ ಹಿತ್ತಾಳೆ ಕೊಳದಪ್ಪಲೆ ಅಟ್ಟದಲ್ಲಿದ್ದರೆ ಅದಕ್ಕೆ ಕಲಾಯಿ ಹಾಕಿಸಿಕೊಡುವುದು, ಮುರಿದ ಹಿಡಿಕೆ ಕೂರಿಸಿಕೊಡುವುದು, ನಾಲ್ಕು ಬಂಧುಗಳು ಮುಯ್ಯಿಯ ಹಣವನ್ನು ಒಟ್ಟುಗೂಡಿಸಿ ಸ್ಟಾರ್ ಗುರುತಿನ ಒಂದು ಅನಿಲದ ಒಲೆ ಕೊಡುವುದು, ಇವೆಲ್ಲವೂ ಉಡುಗೊರೆಗಳೇ. ಮುಂಬಯಿ, ಪುಣೆಗಳ ಕಡೆ ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರ ಬುಟ್ಟಿಯನ್ನು ಕಂಡವರಿಗೆ, ಬೇಡವಾದ ಒಂದು ವಸ್ತು ಬೇಕಾದ ಇನ್ನೊಂದಾಗಿ ಮರಳುವ ಈ ಲೆಕ್ಕಾಚಾರ ಹೊಸದೇನೂ ಅಲ್ಲ.