ಮನೆಯ ಕಾರ್ಯಾಗಾರದಲ್ಲಿ ಉಗಿ ಟ್ರಾಕ್ಟರಿನ ಮಾದರಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ಕೃಷಿಕರ ಮನೆಗಳಲ್ಲಿ ಪಂಪ್‌ಶೆಡ್ಡಿನ ಮೂಲೆಯಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಒಂದು ಸಣ್ಣ ಕಾರ್ಯಾಗಾರ ಇರುವುದು ಅಪರೂಪವಲ್ಲ. ಬೆಂಚ್ ವೈಸ್, ಡ್ರಿಲ್ಲಿಂಗ್ ಯಂತ್ರ, ಗ್ರೈಂಡರ್, ವೆಲ್ಡಿಂಗ್ ಸೆಟ್ಟು. ಆಸಕ್ತಿ ಹೆಚ್ಚಿದ್ದಲ್ಲಿ ಹಳೆಯ ಲೇತು ಕೂಡ. ಮದ್ದು ಬಿಡುವ ಪಂಪು ಕೈಕೊಟ್ಟಾಗ ಪೇಟೆಗೆ ಓಡದೆ ತಾವೇ ಸರಿಮಾಡಿಕೊಳ್ಳುವ ಅಗತ್ಯದಿಂದ ಹುಟ್ಟಿಕೊಂಡ ಕೋಣೆಗಳಿವು. ಮನೆಮಟ್ಟದ ಇಂಥ ಪ್ರಯತ್ನಗಳಿಂದ ಉಪಯುಕ್ತ ಯಂತ್ರಗಳೂ ಹೊರಬಂದಿವೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಮನುಷ್ಯನನ್ನು ಕೂರಿಸಿಕೊಂಡು ಅಡಿಕೆ ಮರ ಏರುವ ಪೆಟ್ರೋಲ್ ಯಂತ್ರವು 2019ರಲ್ಲಿ ದೇಶದ ಗಮನ ಸೆಳೆದದ್ದನ್ನು ಓದುಗರು ಬಲ್ಲರು.

ಕೆದಂಬಾಡಿಯಂಥ ಗ್ರಾಮದಲ್ಲಿ ಆಟಿ ತಿಂಗಳ ಮಳೆ ಹಿಡಿದಾಗ ತೋಟದ ಕೆಲಸ ನಿಲ್ಲುತ್ತದೆ, ಕೈ ಖಾಲಿ ಇರುತ್ತದೆ. ಲೇತು ಇರುವವರು ಈ ಬಿಡುವಿನಲ್ಲಿ ಉಗಿ ಟ್ರಾಕ್ಟರಿನ ಚಿಕ್ಕ ಮಾದರಿಯೊಂದನ್ನು ಮಾಡಲು ಮನಸ್ಸು ಮಾಡಿದರೆ ಅದು ಒಳ್ಳೆಯ ವಿದ್ಯಾಭ್ಯಾಸವೇ ಸರಿ. ಆದರೆ ಈ ಕೆಲಸದಲ್ಲಿ ಒಂದು ಭಾಗ ಮಾತ್ರ ಆಟಿಕೆಯಲ್ಲ. ಅದು ಬಾಯ್ಲರು. ಪ್ರಸ್ತುತ ಲೇಖನದಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಮೀಸಲಿಡಲಾಗಿದೆ.

ಬೈಲಿಗೂ ಬೆಟ್ಟಿಗೂ ಒಗ್ಗದ ಯಂತ್ರ

ಇಂಗ್ಲೆಂಡಿನ ಹೊಲಗಳಲ್ಲಿ ಒಕ್ಕಣೆಗೆ ಬಳಸುತ್ತಿದ್ದ ಉಗಿ ಯಂತ್ರಗಳನ್ನು ಮೊದಲು ಕುದುರೆಗಳು ಊರಿಂದೂರಿಗೆ ಎಳೆದೊಯ್ಯುತ್ತಿದ್ದವು. ಹತ್ತು ಕುದುರೆಗಳ ಶಕ್ತಿಯ ಯಂತ್ರವನ್ನು ಕುದುರೆಗಳೇ ಎಳೆಯುವುದು ವಿಚಿತ್ರವಾಗಿ ಕಂಡ ಥಾಮಸ್ ಆವೆಲಿಂಗ್ ಎಂಬಾತ 1859ರಲ್ಲಿ ಅಂಥದೊಂದು ಯಂತ್ರದ ಶಕ್ತಿಯನ್ನು ಸರಪಳಿಯ ಮೂಲಕ ಹಿಂದಿನ ಗಾಲಿಗಳಿಗೆ ಜೋಡಿಸಿದನು. ಯಂತ್ರ ತಾನೇ ನಡೆಯಿತು. ಇದಕ್ಕೆ ಒಂದು ವರ್ಷ ಮುಂಚೆ, ಅಂದರೆ 1858ರಲ್ಲಿ, ಜಾನ್ ಫೌಲರ್ ಉಗಿಯಿಂದ ನೇಗಿಲು ಹೂಡುವ ಕ್ರಮಕ್ಕಾಗಿ ಅಲ್ಲಿನ ರಾಯಲ್ ಕೃಷಿ ಸಂಘದ 500 ಪೌಂಡು ಬಹುಮಾನ ಪಡೆದಿದ್ದನು. ಫೌಲರ್ ಯಂತ್ರವನ್ನು ಹೊಲದೊಳಗೆ ಇಳಿಸಲಿಲ್ಲ. ಅದನ್ನು ಬದುವಿನ ಮೇಲೆ ನಿಲ್ಲಿಸಿ, ಉಕ್ಕಿನ ಹಗ್ಗದಿಂದ ನೇಗಿಲನ್ನು ಎಳೆಸಿದನು. ಹತ್ತು ಟನ್ನಿನಷ್ಟು ತೂಗುವ ಯಂತ್ರ ಉತ್ತ ಮಣ್ಣಿನ ಮೇಲೆ ಹರಿದರೆ ಉತ್ತ ಫಲವೇ ಉಳಿಯದು. ಮಣ್ಣಿನ ಗಟ್ಟಿತನದ ವಿಷಯದಲ್ಲಿ ಅಂದಿನ ಆ ಎಚ್ಚರ ಇಂದು ಒದ್ದೆ ಗದ್ದೆಗೆ ಭಾರದ ಟ್ರಾಕ್ಟರು ಇಳಿಸುವವರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ದಕ್ಷಿಣ ಕನ್ನಡದ ಭೂಮಿಗೆ ಈ ಯಂತ್ರ ಹೊಂದುವಂಥದ್ದಾಗಿರಲಿಲ್ಲ. ಬೈಲು ಗದ್ದೆಯಲ್ಲಿ ಹೂತುಹೋಗುತ್ತಿತ್ತು, ಬೆಟ್ಟು ಗದ್ದೆಯ ಏರು ಹತ್ತುತ್ತಿರಲಿಲ್ಲ. ಆದರೆ ಇದೇ ವಂಶದ ಇನ್ನೊಂದು ಯಂತ್ರವನ್ನು ನಮ್ಮ ದೇಶದ ಹಿರಿಯರು ನೋಡಿದ್ದಾರೆ. ಅದು ಉಗಿಯ ರಸ್ತೆ ರೋಲರು. ಟಾಟಾ ಸಂಸ್ಥೆಯ ಟೆಲ್ಕೋ ಕಾರ್ಖಾನೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಇಂಗ್ಲೆಂಡಿನ ಮಾರ್ಷಲ್ ಕಂಪೆನಿಯ ಸಹಯೋಗದೊಡನೆ ಇಂಥ ರೋಲರುಗಳನ್ನು ತಯಾರಿಸಿತು. ಮುಂದಿನ ಉರುಳೆಯ ಬದಲು ಎರಡು ಗಾಲಿಗಳನ್ನು ಊಹಿಸಿಕೊಂಡರೆ ಉಗಿ ಟ್ರಾಕ್ಟರಿನ ರೂಪ ಕಣ್ಣಿಗೆ ಬರುತ್ತದೆ.

ಅಳತೆ ಕುಗ್ಗಿದಾಗ ಏನೇನು ಕುಗ್ಗುತ್ತದೆ

ಹವ್ಯಾಸಿಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಅಳತೆಗಳಲ್ಲಿ ಒಂದು, ಅಡಿಗೆ ಒಂದು ಅಂಗುಲ. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಲಂಡನ್ನಿನಲ್ಲಿ 1898ರಲ್ಲಿ ಆರಂಭವಾದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಇಂಥ ಯಂತ್ರಗಳ ನಕ್ಷೆಗಳನ್ನು ಪ್ರಕಟಿಸುತ್ತ ಬಂದಿದೆ, ಎಲ್. ಸಿ. ಮೇಸನ್ ರಚಿಸಿದ ‘ಮಿನ್ನಿ’ ಎಂಬ ನಕ್ಷೆ ಈ ಅಳತೆಯದೇ. ಮೊದಲ ಬಾರಿ ಕೈಹಾಕುವವರು ಸ್ವಂತ ನಕ್ಷೆ ಬರೆಯುವುದಕ್ಕಿಂತ, ಹಲವರು ಮಾಡಿ ನೋಡಿದ ನಕ್ಷೆಯನ್ನು ಅನುಸರಿಸುವುದು ಲೇಸು.

ಉದ್ದ ಹನ್ನೆರಡರಲ್ಲಿ ಒಂದಾದಾಗ ಮೇಲ್ಮೈ 144ರಲ್ಲಿ ಒಂದು, ಗಾತ್ರ ಮತ್ತು ತೂಕ 1,728ರಲ್ಲಿ ಒಂದು ಪಾಲಾಗುತ್ತವೆ. ಹತ್ತು ಟನ್ನಿನ ಯಂತ್ರದ ಮಾದರಿ ಆರು ಕಿ.ಗ್ರಾಂ.ಗೂ ಕಡಿಮೆ ತೂಗುತ್ತದೆ. ಗಾತ್ರ ಕುಗ್ಗಿದಷ್ಟು ಮೇಲ್ಮೈ ಕುಗ್ಗದ ಕಾರಣ ಚಿಕ್ಕ ಬಾಯ್ಲರು ಬಹುಬೇಗ ತಣ್ಣಗಾಗುತ್ತದೆ. ಬುಟ್ಟಿಯಷ್ಟು ಕಸ ಗುಡ್ಡೆ ಹಾಕಿದರೆ ಅದು ಬಿಸಿಯೇರದೆ ಹಾಗೇ ಒಣಗುತ್ತದೆ, ಆಳೆತ್ತರದ ಗೊಬ್ಬರದ ರಾಶಿಯಾದರೋ ಒಳಗೆ ಕೈ ಇಡಲಾಗದಷ್ಟು ಕಾಯುತ್ತದೆ, ಕಾರಣ ಒಂದೇ. ಆದ್ದರಿಂದ ಮಾದರಿಯ ಬಾಯ್ಲರಿಗೆ ಉಣ್ಣೆಯ ಫೆಲ್ಟ್ ಸುತ್ತಿ, ಮೇಲೆ ತೆಳು ತಗಡಿನ ಹೊದಿಕೆ ಹಾಕುವುದು ಅಲಂಕಾರಕ್ಕಲ್ಲ.

ಕುಗ್ಗದೆ ಉಳಿಯುವುದು ಉಗಿಯ ಸ್ವಭಾವ. ಚದರ ಸೆಂ.ಮೀ.ಗೆ 4 ಕಿ.ಗ್ರಾಂ. ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 152 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾತ್ರೆ ದೊಡ್ಡದಿರಲಿ ಚಿಕ್ಕದಿರಲಿ. ಅಡಿಗೆಮನೆಯ ಪ್ರೆಶರ್ ಕುಕ್ಕರಿನ ಒತ್ತಡ ಸುಮಾರು ಒಂದು ಕಿ.ಗ್ರಾಂ. ಮಾತ್ರ ಎಂಬುದನ್ನು ಹೋಲಿಸಿ ನೋಡಬಹುದು. ಅರ್ಧ ಲೀಟರು ನೀರಿರುವ ಮಾದರಿ ಬಾಯ್ಲರು ಈ ಒತ್ತಡದಲ್ಲಿ ಒಡೆದರೆ ಆ ನೀರಿನ ಸುಮಾರು ಹತ್ತನೆಯ ಒಂದು ಪಾಲು ಕ್ಷಣಾರ್ಧದಲ್ಲಿ ಉಗಿಯಾಗುತ್ತದೆ. ಅದರ ಗಾತ್ರ 80 ಲೀಟರು. ಉಳಿದದ್ದು ಕುದಿಯುವ ನೀರು. ಯಂತ್ರದ ಸುತ್ತ ಬಗ್ಗಿ ನೋಡುತ್ತಿರುವವರು ಸಾಮಾನ್ಯವಾಗಿ ಮನೆಯ ಮಕ್ಕಳು.

ಇಲ್ಲಿ ಕಾನೂನಿನ ಮಾತೊಂದಿದೆ. ನಮ್ಮ ದೇಶದ ಬಾಯ್ಲರುಗಳ ತಪಾಸಣೆ 1923ರ ಕಾಯಿದೆಯಂತೆ ನಡೆಯುತ್ತಿತ್ತು. ಅದರ ಸ್ಥಾನದಲ್ಲಿ 2025ರ ಬಾಯ್ಲರು ಕಾಯಿದೆ ಬಂದಿದೆ. ಇಪ್ಪತ್ತೈದು ಲೀಟರಿಗಿಂತ ಕಡಿಮೆ ಗಾತ್ರದ ಬಾಯ್ಲರುಗಳು ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಇದನ್ನು ರಿಯಾಯಿತಿ ಎಂದು ತಿಳಿದು ಸಂತೋಷಪಡುವವರಿದ್ದಾರೆ. ನಿಜವಾಗಿ ಇದರ ಅರ್ಥ, ಮಾದರಿಯನ್ನು ಪರೀಕ್ಷಿಸಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ಆ ಕೆಲಸ ಮಾಡಿದವನದ್ದೇ ಎಂದು.

ಬಾಯ್ಲರೇ ಬೆನ್ನೆಲುಬು

ಇಂದಿನ ಟ್ರಾಕ್ಟರಿನಲ್ಲಿ ಎಂಜಿನು ಕೆಟ್ಟರೆ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಉಗಿ ಟ್ರಾಕ್ಟರಿನಲ್ಲಿ ಬೇರೆ ಚೌಕಟ್ಟೇ ಇಲ್ಲ. ಸಿಲಿಂಡರು ಬಾಯ್ಲರಿನ ಬೆನ್ನ ಮೇಲೆ ಕೂರುತ್ತದೆ, ಹಿಂದಿನ ಗಾಲಿಗಳ ಅಚ್ಚು ಒಲೆ ಪೆಟ್ಟಿಗೆಯ ಬದಿಯ ತಗಡುಗಳಿಗೆ ಅಂಟಿಕೊಂಡಿರುತ್ತದೆ, ಮುಂದಿನ ಗಾಲಿಗಳು ಹೊಗೆ ಪೆಟ್ಟಿಗೆಯ ಅಡಿಯಲ್ಲಿ. ಹೀಗಾಗಿ ಬಾಯ್ಲರು ಮೊದಲು ಮುಗಿಯಬೇಕು. ಯಾವ ಬೋಲ್ಟು ಎಲ್ಲಿ ಬರುತ್ತದೆ ಎಂಬುದು ಅದಕ್ಕೂ ಮೊದಲೇ ನಿಶ್ಚಯವಾಗಿರಬೇಕು. ಬೋಲ್ಟು ಕೂರುವ ಕಡೆಗಳಲ್ಲಿ ದಪ್ಪ ಬುಷ್‌ಗಳನ್ನು ಬೆಸುಗೆಗೆ ಮುನ್ನವೇ ಇರಿಸತಕ್ಕದ್ದು. ಮುಗಿದ ಬಾಯ್ಲರಿಗೆ ಆಮೇಲೆ ತೂತು ಕೊರೆಯುವುದು ಸಲ್ಲದು.

ಲೋಹ ತಾಮ್ರವೇ ಆಗಬೇಕು. ಬಚ್ಚಲಮನೆಯ ತಾಮ್ರದ ಹಂಡೆ ತಲೆಮಾರುಗಳ ಕಾಲ ಬಾಳಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬುಷ್‌ಗಳಿಗೆ ಕಂಚು ಅಥವಾ ಗನ್‌ಮೆಟಲ್ ಬಳಸಬೇಕು. ಹಿತ್ತಾಳೆಯಾದರೆ ಬಿಸಿನೀರಿನ ಸಂಗದಲ್ಲಿ ಅದರ ಸತು ಕರಗಿಹೋಗಿ, ಕಾಲಕ್ರಮದಲ್ಲಿ ಪುಡಿಪುಡಿಯಾಗುವ ತಾಮ್ರ ಮಾತ್ರ ಉಳಿಯುತ್ತದೆ. ಹೊರಗೆ ನೋಡಲು ಏನೂ ಆದಂತೆ ಇರುವುದಿಲ್ಲ.

ಕೊಳವೆಯ ವ್ಯಾಸ 6.5 ಸೆಂ.ಮೀ., ತಗಡಿನ ದಪ್ಪ 2 ಮಿ.ಮೀ. ಇದ್ದಾಗ ಒತ್ತಡವನ್ನು ವ್ಯಾಸದಿಂದ ಗುಣಿಸಿ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. 4 ಕಿ.ಗ್ರಾಂ. ಒತ್ತಡಕ್ಕೆ ತಾಮ್ರದ ಮೇಲೆ ಬೀಳುವ ಎಳೆತ ಚದರ ಸೆಂ.ಮೀ.ಗೆ 65 ಕಿ.ಗ್ರಾಂ. ಕಾಯಿಸಿ ಮೆತ್ತಗಾದ ತಾಮ್ರ ಸುಮಾರು 2,100 ಕಿ.ಗ್ರಾಂ.ವರೆಗೆ ತಡೆಯುತ್ತದೆ. ಎಂಟರಲ್ಲಿ ಒಂದು ಪಾಲನ್ನಷ್ಟೇ ನಂಬಿದರೂ 260 ಆಯಿತು. ಆದ್ದರಿಂದ ದುಂಡಗಿನ ಭಾಗದಲ್ಲಿ ಭಯವಿಲ್ಲ. ಭಯವಿರುವುದು ಚಪ್ಪಟೆ ತಗಡುಗಳಲ್ಲಿ, ಮುಖ್ಯವಾಗಿ ಒಲೆ ಪೆಟ್ಟಿಗೆಯ ಗೋಡೆಗಳಲ್ಲಿ. ಚಪ್ಪಟೆ ತಗಡು ಉಬ್ಬಿ ದುಂಡಗಾಗಲು ಯತ್ನಿಸುತ್ತದೆ. ಅದನ್ನು ತಡೆಯಲು ಎದುರು ಬದುರು ತಗಡುಗಳನ್ನು ಕಂಚಿನ ಅಡ್ಡ ಸರಳುಗಳಿಂದ ಬಿಗಿಯಲಾಗುತ್ತದೆ. ನಕ್ಷೆಯಲ್ಲಿ ಎಷ್ಟು ಸರಳುಗಳಿವೆಯೋ ಅಷ್ಟನ್ನೂ ಹಾಕಬೇಕು.

ಬೆಸುಗೆಯದು ಇನ್ನೂ ಮುಖ್ಯ ಮಾತು. ರೇಡಿಯೋ ರಿಪೇರಿಗೆ ಬಳಸುವ ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗಲಾರಂಭಿಸುತ್ತದೆ. ಬಾಯ್ಲರಿನ ನೀರೇ 152 ಡಿಗ್ರಿ ಇರುವಾಗ ಇದರಿಂದ ಸಂದು ಮುಚ್ಚುವುದು ಅಪಾಯವನ್ನು ಕರೆದಂತೆ. ಎಲ್ಲ ಸಂದುಗಳಿಗೂ 600 ಡಿಗ್ರಿಯ ಮೇಲೆ ಕರಗುವ ಬೆಳ್ಳಿ ಬೆಸುಗೆಯೇ ಆಗಬೇಕು. ಕೆಲವು ಹಳೆಯ ಬೆಳ್ಳಿ ಬೆಸುಗೆ ಸರಳುಗಳಲ್ಲಿ ಕ್ಯಾಡ್ಮಿಯಂ ಇದ್ದು ಅದರ ಹೊಗೆ ಪ್ರಾಣಾಂತಿಕ; ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ಪಡೆಯಬೇಕು, ಕೆಲಸ ಗಾಳಿಯಾಡುವ ಅಂಗಳದಲ್ಲಿ ನಡೆಯಬೇಕು. ಹಳೆಯ ಗ್ಯಾಸ್ ಸಿಲಿಂಡರು, ಕಂಪ್ರೆಸರಿನ ತೊಟ್ಟಿ, ಕುಕ್ಕರು ಇವುಗಳನ್ನು ಬಾಯ್ಲರು ಮಾಡಲು ಹೊರಡುವವರನ್ನು ಕ್ಷೇತ್ರ ಸಿಬ್ಬಂದಿ ಖಂಡಿತವಾಗಿ ತಡೆಯಬೇಕು.

ತಣ್ಣೀರಿನ ಪರೀಕ್ಷೆ

ಬೆಸುಗೆ ಮುಗಿದ ಬಾಯ್ಲರಿಗೆ ಬೆಂಕಿ ತೋರಿಸುವ ಮುನ್ನ ತಣ್ಣೀರಿನಿಂದ ಇಮ್ಮಡಿ ಒತ್ತಡದ ಪರೀಕ್ಷೆ ಆಗತಕ್ಕದ್ದು. ಕೆಲಸದ ಒತ್ತಡ 4 ಆದರೆ ಪರೀಕ್ಷೆಗೆ 8 ಕಿ.ಗ್ರಾಂ. ಇದಕ್ಕೆ ಬೇಕಾದ ಪಂಪು ಅಡಿಕೆ ಬೆಳೆಗಾರನ ಮನೆಯಲ್ಲಿಯೇ ಇದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ, ಕೈಯಿಂದ ಹಿಂದೆ ಮುಂದೆ ಆಡಿಸುವ ರಾಕಿಂಗ್ ಪಂಪು 14ರಿಂದ 18 ಕಿ.ಗ್ರಾಂ. ಒತ್ತಡ ಕೊಡಬಲ್ಲದು. ಮೈಲುತುತ್ತು, ಸುಣ್ಣದ ಅಂಶ ಉಳಿಯದಂತೆ ಅದನ್ನು ಚೆನ್ನಾಗಿ ತೊಳೆದಿರಬೇಕು.

ಮೊದಲು ಬಾಯ್ಲರಿನ ಎಲ್ಲ ತೂತುಗಳನ್ನು ಬಿಗಿದು, ಅತಿ ಎತ್ತರದ ತೂತೊಂದನ್ನು ಮಾತ್ರ ತೆರೆದಿಟ್ಟು ನೀರು ತುಂಬಬೇಕು. ಗಾಳಿಯ ಗುಳ್ಳೆ ಒಂದೂ ಉಳಿಯಬಾರದು. ಗಾಳಿ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ನೀರು ಹಾಗೆ ಕುಗ್ಗುವುದಿಲ್ಲ. ಸಂದು ಬಿಟ್ಟರೆ ನೀರು ಜಿನುಗಿ ಒತ್ತಡ ಇಳಿಯುತ್ತದೆ, ಅಷ್ಟೇ. ಬಾಯ್ಲರು ಸಣ್ಣದಾದ್ದರಿಂದ ಪಂಪಿನ ಹಿಡಿಯನ್ನು ಜೋರಾಗಿ ಆಡಿಸಿದರೆ ಮುಳ್ಳು ಒಮ್ಮೆಲೇ ಮೇಲೇರುತ್ತದೆ. ಪಂಪಿಗೂ ಬಾಯ್ಲರಿಗೂ ನಡುವೆ ಒಂದು ವಾಲ್ವು, ಬಾಯ್ಲರಿನ ಕಡೆಗೆ ನಂಬಿಕೆಯ ಗೇಜು ಇಟ್ಟು, ಅರ್ಧ ಅರ್ಧ ಕಿ.ಗ್ರಾಂ. ಏರಿಸುತ್ತ, ಪ್ರತಿ ಸಲ ವಾಲ್ವು ಮುಚ್ಚಿ ಪರಿಶೀಲಿಸಬೇಕು. ಚಪ್ಪಟೆ ತಗಡುಗಳ ಮೇಲೆ ಉಕ್ಕಿನ ಪಟ್ಟಿ ಇಟ್ಟು ಉಬ್ಬು ಬಂದಿದೆಯೇ ನೋಡಬೇಕು. ಎಂಟಕ್ಕೆ ಮುಟ್ಟಿದ ಮೇಲೆ ಅರ್ಧ ಗಂಟೆ ಮುಳ್ಳು ಕದಲದೆ ನಿಂತರೆ ಸರಿ. ಜಿನುಗಿದರೆ ಬಿಚ್ಚಿ, ಮತ್ತೆ ಬೆಸೆದು, ಮೊದಲಿನಿಂದ ಪರೀಕ್ಷೆ. ಜಿನುಗಿದ ಜಾಗಕ್ಕೆ ಅಂಟು ಮೆತ್ತಿ ಮುಂದುವರಿಯುವಂತಿಲ್ಲ.

ಉಳಿದ ಭಾಗಗಳು

ಸಿಲಿಂಡರು, ಪಿಸ್ಟನ್, ಕ್ರ್ಯಾಂಕು, ಫ್ಲೈವೀಲು, ಗಿಯರುಗಳು ಲೇತಿನ ಕೆಲಸ, ತಾಳ್ಮೆಯಿದ್ದರೆ ಬರುತ್ತವೆ. ಸಿಲಿಂಡರಿನ ಒಳವ್ಯಾಸ 17 ಮಿ.ಮೀ. ಇದ್ದರೆ ಪಿಸ್ಟನ್ನಿನ ಮೇಲೆ ಬೀಳುವ ಬಲ ಹೆಚ್ಚೆಂದರೆ 9 ಕಿ.ಗ್ರಾಂ. ಗಿಯರಿನ ನೆರವಿನಿಂದ ಇಷ್ಟರಲ್ಲೇ ಯಂತ್ರ ಸಮತಟ್ಟಾದ ಅಂಗಳದಲ್ಲಿ ಗಾಡಿಯ ಮೇಲೆ ಕೂತ ಮಗುವನ್ನು ಎಳೆಯಬಲ್ಲದು. ಗಮನಿಸಬೇಕಾದ ಒಂದು ಜಾಣ್ಮೆ, ಕೆಲಸ ಮುಗಿಸಿದ ಉಗಿಯನ್ನು ಚಿಮಿಣಿಯೊಳಗೆ ಬಿಡುವ ಕ್ರಮ. ಉಗಿ ಚಿಮ್ಮಿದಂತೆಲ್ಲ ಒಲೆಯ ಮೂಲಕ ಗಾಳಿ ಸೆಳೆಯಲ್ಪಟ್ಟು ಬೆಂಕಿ ಪ್ರಜ್ವಲಿಸುತ್ತದೆ. ಭಾರ ಹೆಚ್ಚಾದರೆ ಉಗಿ ಹೆಚ್ಚು ಹೊರಬರುತ್ತದೆ, ಆಗ ಬೆಂಕಿಯೂ ತಾನಾಗಿ ಹೆಚ್ಚುತ್ತದೆ. ‘ಚುಕುಬುಕು’ ಸದ್ದು ಹುಟ್ಟುವುದೂ ಇಲ್ಲಿಯೇ.

ಸಿಪ್ಪೆಯಿಂದ ಪಂಪು ಓಡೀತೇ?

ಮಾದರಿ ಓಡಿದ್ದನ್ನು ಕಂಡವರು ಕೇಳುವ ಪ್ರಶ್ನೆ ಇದು: ಅಡಿಕೆ ಸಿಪ್ಪೆ ರಾಶಿ ಬಿದ್ದಿದೆ, ದೊಡ್ಡದೊಂದು ಮಾಡಿ ತೋಟಕ್ಕೆ ನೀರು ಹಾಯಿಸಬಾರದೇ? ಲೆಕ್ಕ ಹೀಗಿದೆ. ಒಣ ಸಿಪ್ಪೆಯ ಒಂದು ಕಿ.ಗ್ರಾಂ.ನಲ್ಲಿ ಸುಮಾರು 4,000 ಕಿಲೋಕ್ಯಾಲೊರಿ ಶಾಖವಿದೆ. ಒಂದು ಅಶ್ವಶಕ್ತಿ ಒಂದು ಗಂಟೆ ಬೇಕಾದರೆ 640. ಆದರೆ ಮನೆಯಲ್ಲಿ ಮಾಡಿದ ಸಣ್ಣ ಯಂತ್ರ ಶಾಖದ ನೂರನೆಯ ಒಂದು ಪಾಲನ್ನು ಕೆಲಸವಾಗಿಸಿದರೆ ಹೆಚ್ಚು. ಆಗ ಒಂದು ಅಶ್ವಶಕ್ತಿಗೆ ಗಂಟೆಗೆ 16 ಕಿ.ಗ್ರಾಂ. ಸಿಪ್ಪೆ ಉರಿಯಬೇಕು. ಅಷ್ಟು ದೊಡ್ಡ ಬಾಯ್ಲರು 25 ಲೀಟರಿನ ಮಿತಿ ದಾಟಿದರೆ ಕಾಯಿದೆಯ ತಪಾಸಣೆಗೂ ಒಳಪಡುತ್ತದೆ. ತೋಟದ ತ್ಯಾಜ್ಯವನ್ನು ಎರೆಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರ ರೈತರಿಗೆ ತೋರಿಸಿಕೊಟ್ಟಿದೆ. ಸಿಪ್ಪೆ, ಸೋಗೆಗಳು ಮರದ ಬುಡಕ್ಕೇ ಮರಳುವುದು ಸರಿಯಾದ ದಾರಿ.

ಮಾದರಿಯ ಪುಟ್ಟ ಒಲೆಗೂ ಸಿಪ್ಪೆ ಹಿಡಿಸದು. ಹೊಗೆ ಹೆಚ್ಚು, ಶಾಖ ಕಡಿಮೆ. ತೆಂಗಿನ ಗೆರಟೆಯ ಇದ್ದಿಲನ್ನು ಕಡಲೆಕಾಳಿನ ಗಾತ್ರಕ್ಕೆ ಒಡೆದು ಬಳಸಿದರೆ ಚೆನ್ನಾಗಿ ಉರಿಯುತ್ತದೆ.

ಮೊದಲ ಉಗಿ

ನೀರು ಮಳೆಯದ್ದಾದರೆ ಒಳ್ಳೆಯದು, ಒಳಗೆ ಪಾಚಿಗಟ್ಟಿದಂತೆ ಸುಣ್ಣ ಕೂರುವುದಿಲ್ಲ. ನೀರಿನ ಮಟ್ಟ ತೋರುವ ಗಾಜಿನ ನಳಿಗೆಯಲ್ಲಿ ಅರ್ಧಕ್ಕಿಂತ ಮೇಲೆ ನೀರು ಕಂಡ ಮೇಲೆಯೇ ಬೆಂಕಿ ಹಾಕಬೇಕು. ಸುರಕ್ಷಾ ವಾಲ್ವಿಗೂ ಮೊದಲ ದಿನವೇ ಪರೀಕ್ಷೆ: ಯಂತ್ರ ನಿಲ್ಲಿಸಿ, ಬೆಂಕಿ ಪೂರ್ತಿ ಉರಿಯುವಾಗ ವಾಲ್ವು ತಾನಾಗಿ ತೆರೆದು, ಗೇಜಿನ ಮುಳ್ಳು ನಿಗದಿಯಾದ ಗೆರೆಯನ್ನು ಹೆಚ್ಚು ದಾಟದಂತೆ ಎಲ್ಲ ಉಗಿಯನ್ನೂ ಹೊರಬಿಡಬೇಕು. ಬಿಡದಿದ್ದರೆ ವಾಲ್ವು ಚಿಕ್ಕದಾಯಿತು. ಅದನ್ನು ಬದಲಿಸುವವರೆಗೆ ಬೆಂಕಿ ಹಾಕಬಾರದು. ನಳಿಗೆಯಲ್ಲಿ ನೀರು ಕಾಣದಾದರೆ ತಣ್ಣೀರು ಪಂಪು ಮಾಡಲು ಹೋಗದೆ ಬೆಂಕಿಯನ್ನು ಕೆಳಕ್ಕೆ ಕೆಡವಿ ಯಂತ್ರದಿಂದ ದೂರ ಸರಿಯಬೇಕು.

ಆಟ ಮುಗಿದ ದಿನ, ಒತ್ತಡ ಪೂರ್ತಿ ಇಳಿದು ಮೈ ಉಗುರುಬೆಚ್ಚಗಿರುವಾಗಲೇ ನೀರನ್ನು ಬಸಿದು ಒಣಗಿಸಿಡಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಮದ್ದಿನ ಪಂಪನ್ನು ಹೊರತೆಗೆದು ತೊಳೆಯುವ ಸಮಯಕ್ಕೆ, ಬಾಯ್ಲರಿಗೆ 6 ಕಿ.ಗ್ರಾಂ.ನಲ್ಲಿ ಮತ್ತೆ ತಣ್ಣೀರಿನ ಪರೀಕ್ಷೆ ಮಾಡಿ, ದಿನಾಂಕ ಮತ್ತು ಒತ್ತಡವನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು.