ಒಂದೇ ಒಲೆ, ಒಂದೇ ಸಾರು. ಅನ್ನ ಮಾತ್ರ ಬೇಡ

ಮನೆಯಲ್ಲಿ ಒಬ್ಬರು ‘ಇನ್ನು ನನಗೆ ಅನ್ನ, ಚಪಾತಿ, ಮುದ್ದೆ ಬೇಡ’ ಎಂದರೆ ಅದರ ಭಾರ ಮೊದಲು ಬೀಳುವುದು ಅಡುಗೆ ಮಾಡುವವರ ಮೇಲೆ. ಉಳಿದವರಿಗೆ ಒಂದು ಬಗೆ, ಇವರಿಗೆ ಇನ್ನೊಂದು ಬಗೆ ಎಂದು ಎರಡೆರಡು ಅಡುಗೆ ಶುರುವಾಗುತ್ತದೆ, ಸ್ವಲ್ಪ ದಿನಕ್ಕೆ ಎಲ್ಲರಿಗೂ ಸಾಕಾಗಿಹೋಗುತ್ತದೆ. ಇದರ ಅಗತ್ಯವೇ ಇಲ್ಲ. ಸಾರು, ಪಲ್ಯ, ಕೋಸಂಬರಿ, ತಂಬುಳಿ, ಮಜ್ಜಿಗೆ ಇವುಗಳಲ್ಲಿ ಧಾನ್ಯವೇ ಇರುವುದಿಲ್ಲ. ಬದಲಾಗಬೇಕಾದ್ದು ತಟ್ಟೆಯ ನಡುವಿನ ಜಾಗ ಮಾತ್ರ.

ಮೊದಲು ವೈದ್ಯರ ಹತ್ತಿರ

ಇದನ್ನು ದಾಟಿ ಮುಂದೆ ಹೋಗಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ದಿಢೀರನೆ ಬಿಟ್ಟರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ಕೈ ನಡುಕ, ತಲೆಸುತ್ತು ಅದರ ಲಕ್ಷಣ. ಆಗ ನಿಯಮವನ್ನೆಲ್ಲ ಬದಿಗಿಟ್ಟು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಲೇಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರಿಗೆ ತೊಂದರೆ ಬೇರೆ ಥರದ್ದು: ಪಿಷ್ಟ ತೀರಾ ಕಡಿಮೆಯಾದರೆ ರಕ್ತದಲ್ಲಿ ಕೀಟೋನ್ ಏರಬಹುದು. ಮೂತ್ರಪಿಂಡದ ಕಾಯಿಲೆ ಇರುವವರು, ಬಸುರಿ ಬಾಣಂತಿಯರು ಕೇಳದೆ ಶುರು ಮಾಡಬಾರದು. ಬೆಳೆಯುವ ಮಕ್ಕಳ ತಟ್ಟೆಯಿಂದ ಅನ್ನ, ರಾಗಿ ಎತ್ತಬೇಡಿ. ಅವರಿಗೆ ಸಕ್ಕರೆ ಕಡಿಮೆ ಮಾಡಿದರೆ ಸಾಕು.

ಯಾವುದು ಧಾನ್ಯ?

ಅಕ್ಕಿ, ಗೋಧಿ, ಜೋಳ, ರಾಗಿ ಸರಿ. ಅವಲಕ್ಕಿ, ಮಂಡಕ್ಕಿ ಅಕ್ಕಿಯವೇ, ರವೆ ಗೋಧಿಯದೇ. ನವಣೆ, ಸಾಮೆ, ಹಾರಕ, ಊದಲು ಎಲ್ಲವೂ ಧಾನ್ಯವೇ. ಸಿರಿಧಾನ್ಯ ಒಳ್ಳೆಯದು ಎಂಬುದು ಬೇರೆ ಮಾತು. ಇನ್ನು ಸಾಬಕ್ಕಿ, ಆಲೂಗಡ್ಡೆ ಧಾನ್ಯವಲ್ಲ ನಿಜ, ಆದರೆ ಅವುಗಳಲ್ಲಿ ಇರುವುದೂ ಪಿಷ್ಟ. ಅನ್ನ ಬಿಟ್ಟು ಸಾಬಕ್ಕಿ ಕಿಚಡಿ ತಿಂದರೆ ಏನೂ ಬಿಟ್ಟಂತಾಗಲಿಲ್ಲ. ಬೇಳೆಕಾಳಿನಲ್ಲೂ ಪಿಷ್ಟವಿದೆ, ಜೊತೆಗೆ ಪ್ರೋಟೀನು, ನಾರು ಇರುವುದರಿಂದ ಒಂದು ಬಟ್ಟಲಿಗೆ ಅಡ್ಡಿಯಿಲ್ಲ. ಅಂಗಡಿಯ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆತಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಚಿಟಿಕೆ ಲೆಕ್ಕಕ್ಕಿಲ್ಲ, ಗೋಧಿಯ ಗ್ಲುಟೆನ್ ಆಗದವರಿಗೆ ಮಾತ್ರ ಖಂಡಿತ ಬೇಡ.

ರಾತ್ರಿ ಊಟದಿಂದ ಶುರು

ಮೂರು ಹೊತ್ತೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಮೊದಲ ಎರಡು ವಾರ ರಾತ್ರಿ ಊಟ ಮಾತ್ರ ಬದಲಾಗಲಿ. ಅದಕ್ಕೆ ಹಳೇ ಮೈಸೂರಿನ ಬಸ್ಸಾರಿನಷ್ಟು ಅನುಕೂಲವಾದ ಅಡುಗೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ನೆನೆಸಿದ ಹೆಸರುಕಾಳು ಅಥವಾ ಅಲಸಂದೆಕಾಳನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ದಂಟಿನ ಸೊಪ್ಪು, ಉಪ್ಪು ಹಾಕಿ ಕುದಿಸಿ ನೀರು ಬಸಿದುಕೊಳ್ಳಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿತುರಿ, ಹುಣಸೆ, ಸಾರಿನ ಪುಡಿಯ ಜೊತೆ ಬೆಂದ ಸೊಪ್ಪು ಕಾಳು ಒಂದು ಹಿಡಿ ಸೇರಿಸಿ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮನೆಯವರು ಮುದ್ದೆ ಮುರಿದು ಸಾರಿಗೆ ಅದ್ದಿ ಉಣ್ಣಲಿ. ನಿಮ್ಮ ತಟ್ಟೆಯಲ್ಲಿ ಮುದ್ದೆಯ ಜಾಗಕ್ಕೆ ಎರಡು ಸೌಟು ಪಲ್ಯ, ಮೇಲೊಂದು ಚಮಚ ತುಪ್ಪ, ಬಟ್ಟಲಲ್ಲಿ ಕುಡಿಯಲು ಸಾರು. ಇಷ್ಟೇ ವ್ಯತ್ಯಾಸ. ಪಲ್ಯ ಈಗ ನಂಚಿಕೊಳ್ಳುವ ಪದಾರ್ಥವಲ್ಲ, ಅದೇ ಊಟ. ಆದ್ದರಿಂದ ಎರಡು ಕಂತೆ ಸೊಪ್ಪು ತರುವ ಕಡೆ ನಾಲ್ಕು ತನ್ನಿ. ಸೊಪ್ಪು ಬಿಡಿಸುವ ಕೆಲಸ ಊಟ ಬದಲಿಸಿದವರದ್ದೇ ಆಗಿರಲಿ.

ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿ ಬಿಟ್ಟವರಿಗೆ ಗಟ್ಟಿ ಝುಣಕ, ಎಣಗಾಯಿ, ಮೊಸರು ಇದ್ದೇ ಇವೆ. ಕರಾವಳಿಯವರಿಗೆ ಬಂಗುಡೆ ಗಸಿಯ ಜೊತೆ ಬಸಳೆ, ತೊಂಡೆಕಾಯಿ ಪಲ್ಯ.

ಹುಳಿಗೆ ಕಲಸಿಕೊಳ್ಳಲು ಏನಾದರೂ ಬೇಕೇ ಬೇಕು ಎನ್ನುವವರು ಹೂಕೋಸನ್ನು ತುರಿದುಕೊಳ್ಳಿ. ಅಗಲ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ನೀರು ಹಾಕದೆ, ಮುಚ್ಚಳ ಮುಚ್ಚದೆ ನಾಲ್ಕೈದು ನಿಮಿಷ ಬಾಡಿಸಿ. ಮುಚ್ಚಿದರೆ ಆವಿಗೆ ಮುದ್ದೆಯಾಗುತ್ತದೆ. 150 ಗ್ರಾಂ ಅನ್ನದಲ್ಲಿ 40 ಗ್ರಾಂನಷ್ಟು ಪಿಷ್ಟವಿದ್ದರೆ, ಅಷ್ಟೇ ಹೂಕೋಸಿನಲ್ಲಿ ಅದು 10 ಗ್ರಾಂ ಕೂಡ ಇರುವುದಿಲ್ಲ.

ಆಮೇಲೆ ತಿಂಡಿ

ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಸೇರಿಸಿ ರುಬ್ಬಿ. ಅಕ್ಕಿ ಬೇಡ, ಹುಳಿ ಬರಬೇಕಾಗಿಯೂ ಇಲ್ಲ. ಹೆಂಚು ತೀರಾ ಕಾದಿದ್ದರೆ ಹಿಟ್ಟು ಸೌಟಿಗೆ ಅಂಟಿಕೊಂಡು ಬರುತ್ತದೆ. ನೀರು ಚಿಮುಕಿಸಿ, ಒರೆಸಿ, ಆಮೇಲೆ ದೋಸೆ ಹುಯ್ಯಿರಿ. ಕಾಯಿ ಚಟ್ನಿ ಇದ್ದರೆ ಮಕ್ಕಳೂ ಇದನ್ನೇ ತಿನ್ನುತ್ತಾರೆ. ಉಳಿದ ದಿನ ಕಡಲೆ ಉಸಲಿ, ಮೊಟ್ಟೆ, ಪನೀರ್.

ಸಕ್ಕರೆಗೆ ಎಲ್ಲರೂ ಜೊತೆ

ಧಾನ್ಯ ಬಿಡುವುದು ಒಬ್ಬರ ವಿಷಯ, ಸಕ್ಕರೆ ಇಳಿಸುವುದು ಇಡೀ ಮನೆಯದ್ದು. ಆಹಾರಕ್ಕೆ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10 ಮೀರಬಾರದು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಶೇ 5 ಎಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಸಣ್ಣ ಚಮಚ. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಗೇ ಅದು ಮುಗಿಯಿತು. ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಬೆಲ್ಲ, ಜೇನುತುಪ್ಪವನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಸಾರು, ಗೊಜ್ಜಿಗೆ ಹಾಕುವ ಬೆಲ್ಲವೂ ಬಂತು. ಪೊಟ್ಟಣದ ತಿಂಡಿಯಲ್ಲಿ ಪದಾರ್ಥಗಳ ಹೆಸರು ತೂಕದ ಪ್ರಕಾರ ಹೆಚ್ಚಿನದರಿಂದ ಕಡಿಮೆಗೆ ಬರೆದಿರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ, ಸಿರಪ್ ಕಂಡರೆ ಅಲ್ಲೇ ಇಟ್ಟು ಬನ್ನಿ.

ಮದುವೆ ಮನೆಯಲ್ಲಿ ಎಲೆಗೆ ಮೊದಲು ಬೀಳುವುದೇ ಕೋಸಂಬರಿ, ಪಲ್ಯ. ಬಡಿಸುವವರನ್ನು ನಿಲ್ಲಿಸಿ ಎರಡು ಸಲ ಹಾಕಿಸಿಕೊಳ್ಳಿ. ಪ್ರಸಾದ ಒಂದು ತುತ್ತು ತಿಂದರೆ ವ್ರತಭಂಗವೇನಿಲ್ಲ.

ರಾಗಿ ಬಿಟ್ಟವರು ಒಂದನ್ನು ಮರೆಯಬಾರದು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಆ ಕೊರತೆ ತುಂಬಲು ಮೊಸರು, ಎಳ್ಳು ಚಟ್ನಿಪುಡಿ, ನುಗ್ಗೆಸೊಪ್ಪು ದಿನವೂ ಬೇಕು. ಮೊದಲ ವಾರ ಮಲಬದ್ಧತೆ ಕಾಡಿದರೆ ನೀರು, ಸೊಪ್ಪು ಎರಡನ್ನೂ ಹೆಚ್ಚಿಸಿ.

ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಅದರಲ್ಲಿ ತಿಳಿಯುತ್ತದೆ. ಫಲಿತಾಂಶ ಚೆನ್ನಾಗಿದೆಯೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ವೈದ್ಯರಿಗೆ ತೋರಿಸಿ, ಏನೇನು ಬಿಟ್ಟಿದ್ದೀರಿ, ಏನೇನು ತಿನ್ನುತ್ತಿದ್ದೀರಿ ಎಂದು ಬಿಡಿಸಿ ಹೇಳಿ.