ಹೈದರಾಬಾದ್ ರಾಜ್ಯದ 1952ರ ಚುನಾವಣೆ

ವಿದ್ಯಾರ್ಥಿಗಳೇ, ನಮ್ಮ ಉದಗೀರವು ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದೆ. ಆದರೆ 1952ರ ಪ್ರಥಮ ಸಾರ್ವತ್ರಿಕ ಚುನಾವಣೆಯ ಕಾಲಕ್ಕೆ ಅದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ ತಾಲ್ಲೂಕಾಗಿತ್ತು. 1948ರವರೆಗೆ ನಿಜಾಮರ ಪ್ರಜೆಗಳಾಗಿದ್ದ ನಮ್ಮ ಹಿರಿಯರು ನಾಲ್ಕೇ ವರ್ಷಗಳಲ್ಲಿ ಮತದಾರರಾದರು.

ಆಗ 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತಾಧಿಕಾರವಿತ್ತು. ಓದುಬರಹ ಬಾರದವರಿಗೂ ತೊಡಕಾಗಬಾರದೆಂದು ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆಯುಳ್ಳ ಪ್ರತ್ಯೇಕ ಪೆಟ್ಟಿಗೆಯನ್ನಿಟ್ಟಿದ್ದರು. ಮತಪತ್ರದ ಮೇಲೆ ಗುರುತು ಮಾಡಬೇಕಾಗಿರಲಿಲ್ಲ. ಮೆಚ್ಚಿದವರ ಪೆಟ್ಟಿಗೆಯಲ್ಲಿ ಹಾಕಿದರೆ ಸಾಕಾಗುತ್ತಿತ್ತು.

ಇನ್ನು ಫಲಿತಾಂಶವನ್ನು ನೋಡೋಣ. ವಿಧಾನಸಭೆಯ ಸ್ಥಾನಗಳು 175; ಬಹುಮತಕ್ಕೆ 88 ಬೇಕು. ಕಾಂಗ್ರೆಸ್ಸು 93 ಸ್ಥಾನಗಳನ್ನೂ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ 42 ಸ್ಥಾನಗಳನ್ನೂ ಪಡೆದವು. ಶ್ರೀ ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಆದರೆ ಗೆದ್ದ ಪಕ್ಷಕ್ಕೆ ಬಿದ್ದ ಮತಗಳು ಒಟ್ಟು ಮತಗಳ ಅರ್ಧಕ್ಕಿಂತ ಕಡಿಮೆ! ಉಳಿದ ಮತಗಳು ಹಲವು ಪಕ್ಷಗಳಲ್ಲಿ ಹಂಚಿಹೋದುದೇ ಇದಕ್ಕೆ ಕಾರಣ. ಮತಗಳ ಲೆಕ್ಕ ಬೇರೆ, ಸ್ಥಾನಗಳ ಲೆಕ್ಕ ಬೇರೆ ಎಂಬುದನ್ನು ಇದರಿಂದ ತಿಳಿಯಬೇಕು.

ಕನ್ನಡ, ಮರಾಠಿ, ತೆಲುಗು ಪ್ರದೇಶಗಳ ಪ್ರತಿನಿಧಿಗಳು ಒಂದೇ ಸಭೆಯಲ್ಲಿ ಕುಳಿತ ಆ ರಾಜ್ಯವು 1956ರ ನವೆಂಬರ್ 1ರಂದು ವಿಭಾಗವಾಯಿತು. ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ಗಡಿಯ ಈಚೆ ಉಳಿದ ಕನ್ನಡಿಗರು ಸಂಖ್ಯೆಯಲ್ಲಿ ಸ್ವಲ್ಪವಾದರು. ಆದರೂ ಒಬ್ಬನಿಗೆ ಒಂದು ಮತವೆಂಬ ನಿಯಮ ಬದಲಾಗಲಿಲ್ಲ. ನಾವು ಯಾವ ಮನೆಮಾತಿನವರಾದರೂ ನಮ್ಮ ಮತದ ಬೆಲೆ ಇತರರ ಮತದಷ್ಟೇ. ಈ ಹಕ್ಕನ್ನು ವಿಚಾರಪೂರ್ವಕವಾಗಿ ಬಳಸುವುದೇ ಹಿರಿಯರಿಗೆ ನಾವು ಸಲ್ಲಿಸುವ ಗೌರವ.